ಶ್ವೇತಭವನದ ಸಹಿ, ಅಗಡಿಯ ಹತ್ತಿ

ಹಾವೇರಿ ತಾಲ್ಲೂಕಿನ ಅಗಡಿಯ ಸುತ್ತಮುತ್ತಲಿನ ಎರೆಹೊಲಗಳಲ್ಲಿ ಆಗಸ್ಟ್ ತಿಂಗಳೆಂದರೆ ಹತ್ತಿ ಹೂವಾಡಿ ಕಾಯಿ ಕಟ್ಟುವ ಕಾಲ. ಬೀಜ, ಗೊಬ್ಬರ, ಕಳೆ, ಔಷಧಿ ಎಂದು ಮಾಡಬೇಕಾದ ಖರ್ಚು ಬಹುಪಾಲು ಮುಗಿದಿರುತ್ತದೆ. ಕೈಗೆ ಬರಬೇಕಾದ ಹಣ ಮಾತ್ರ ಇನ್ನೂ ಗಿಡದ ಮೇಲೆಯೇ ಇರುತ್ತದೆ. ಆ ಹೊತ್ತಿನಲ್ಲಿ ರೈತ ಮುಗಿಲನ್ನು ನೋಡುತ್ತಾನೆ, ಹುಳುವಿನ ಕಾಟವನ್ನು ನೋಡುತ್ತಾನೆ, ಪೇಟೆಯ ಧಾರಣೆಯನ್ನು ವಿಚಾರಿಸುತ್ತಾನೆ. ವಾಷಿಂಗ್ಟನ್ನಿನ ಕಡೆ ನೋಡುವ ಅಭ್ಯಾಸ ಅವನಿಗಿಲ್ಲ. ಆದರೆ 2025ರ ಆಗಸ್ಟ್‌ನಲ್ಲಿ ಆ ಕಡೆಗೂ ನೋಡಬೇಕಾದ ಸ್ಥಿತಿ ಬಂತು.

ಆ ತಿಂಗಳ 6ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಒಂದು ಆದೇಶಕ್ಕೆ ಸಹಿ ಮಾಡಿದರು. ಭಾರತದ ಸರಕಿನ ಮೇಲೆ ಆಗಲೇ ಘೋಷಣೆಯಾಗಿದ್ದ ಶೇ 25ರ ಸುಂಕದ ಜೊತೆಗೆ, ರಷ್ಯಾದಿಂದ ತೈಲ ಕೊಳ್ಳುವುದಕ್ಕೆ ದಂಡವೆಂಬಂತೆ ಇನ್ನೂ ಶೇ 25 ಸೇರಿತು. 27ರಿಂದ ಒಟ್ಟು ಶೇ 50ರ ಸುಂಕ ಜಾರಿಗೆ ಬಂತು. ಜವಳಿ, ಸಿದ್ಧ ಉಡುಪು, ಸೀಗಡಿ, ಆಭರಣ, ಚರ್ಮದ ಸಾಮಾನು ಎಲ್ಲದಕ್ಕೂ ಪೆಟ್ಟು ಬಿತ್ತು. ಅಗಡಿಯ ಕಟ್ಟೆಯ ಮೇಲೆ ಕುಳಿತವರು ಆಗ ಕೇಳಬಹುದಾಗಿದ್ದ ಪ್ರಶ್ನೆ ಒಂದೇ: ಅಲ್ರೀ, ನಾವು ಆತಗ ಓಟ್ ಹಾಕಿಲ್ಲ, ಆತಗ ಧಿಕ್ಕಾರಾನೂ ಕೂಗಿಲ್ಲ, ನಮ್ಮ ಹತ್ತಿ ಮ್ಯಾಲೆ ಆತಂದೇನು ಸಿಟ್ಟು?

ಈ ಪ್ರಶ್ನೆಗೆ ನೇರ ಉತ್ತರವಿಲ್ಲ. ಅಗಡಿಯ ಹತ್ತಿ ಅಮೆರಿಕಕ್ಕೆ ನೇರವಾಗಿ ಹೋಗುವುದಿಲ್ಲ. ಆದರೆ ಅದು ನೂಲಾಗುತ್ತದೆ, ಬಟ್ಟೆಯಾಗುತ್ತದೆ, ತಿರುಪ್ಪೂರಿನಲ್ಲೋ ಬೆಂಗಳೂರಿನ ಪೀಣ್ಯದಲ್ಲೋ ಅಂಗಿಯಾಗುತ್ತದೆ. ಆ ಅಂಗಿಯನ್ನು ಕೊಳ್ಳುವ ಬಹುದೊಡ್ಡ ಗಿರಾಕಿ ಅಮೆರಿಕ. ಗಿರಾಕಿಯ ಬಾಗಿಲಲ್ಲಿ ಶೇ 50ರ ಸುಂಕ ನಿಂತರೆ ಗಾರ್ಮೆಂಟ್ ಕಾರ್ಖಾನೆಗೆ ಬೇಡಿಕೆ ಕುಗ್ಗುತ್ತದೆ, ಗಿರಣಿ ನೂಲಿಗೆ ಬೆಲೆ ಕಡಿಮೆ ಮಾಡುತ್ತದೆ, ಕೊನೆಗೆ ಹತ್ತಿಯ ಧಾರಣೆ ಇಳಿಯುತ್ತದೆ. ಸರಪಳಿಯ ಒಂದು ತುದಿಯನ್ನು ಜಗ್ಗಿದರೆ ಇನ್ನೊಂದು ತುದಿಯಲ್ಲಿರುವವನ ಕುತ್ತಿಗೆ ಬಿಗಿಯುವುದು ಹೀಗೆ.

ಈ ಸರಪಳಿಗೆ ಇನ್ನೊಂದು ಕೊಂಡಿ ದೆಹಲಿಯಲ್ಲಿ ಸೇರಿಕೊಂಡಿತು. 2021ರ ಬಜೆಟ್‌ನಿಂದ ಆಮದು ಹತ್ತಿಯ ಮೇಲೆ ಶೇ 11ರಷ್ಟು ಸುಂಕವಿತ್ತು. ದೇಶದ ಬೆಳೆಗಾರನಿಗೆ ಅದೊಂದು ಬೇಲಿ. 2025ರ ಆಗಸ್ಟ್ 19ರಿಂದ ಜಾರಿಗೆ ಬರುವಂತೆ ಕೇಂದ್ರ ಸರ್ಕಾರ ಆ ಬೇಲಿಯನ್ನು ಸೆಪ್ಟೆಂಬರ್ 30ರವರೆಗೆ ತೆಗೆಯಿತು. ಹತ್ತೇ ದಿನದಲ್ಲಿ ಆ ಅವಧಿಯನ್ನು ಡಿಸೆಂಬರ್ 31ರವರೆಗೆ ವಿಸ್ತರಿಸಿತು. ಸಂಕಷ್ಟದಲ್ಲಿದ್ದ ಜವಳಿ ಉದ್ಯಮಕ್ಕೆ ಕಚ್ಚಾ ಹತ್ತಿ ಅಗ್ಗವಾಗಿ ಸಿಗಲಿ ಎಂಬುದು ಕೊಟ್ಟ ಕಾರಣ. ಕಾರ್ಖಾನೆ ಮುಚ್ಚಿದರೆ ಹೊಲಿಗೆ ಯಂತ್ರದ ಮುಂದೆ ಕುಳಿತ ಹೆಣ್ಣುಮಕ್ಕಳ ಕೂಲಿ ನಿಲ್ಲುತ್ತದೆ ಎಂಬುದೂ ಸುಳ್ಳಲ್ಲ. ಆದರೆ ಹತ್ತಿ ಬಿಡಿಸುವುದು ಶುರುವಾಗುವುದೇ ದಸರೆಯ ಆಸುಪಾಸಿನಲ್ಲಿ. ಅಂದರೆ ರೈತ ತನ್ನ ಮಾಲನ್ನು ಪೇಟೆಗೆ ತರುವ ಸರಿಯಾದ ಹೊತ್ತಿಗೆ ಬ್ರೆಜಿಲ್, ಆಸ್ಟ್ರೇಲಿಯಾ, ಅಮೆರಿಕದ ಹತ್ತಿಗೆ ಬಾಗಿಲು ತೆರೆದಿತ್ತು. ಸುಂಕ ತೆಗೆದ ಬೆನ್ನಿಗೇ ಭಾರತೀಯ ಹತ್ತಿ ನಿಗಮ ತನ್ನ ದಾಸ್ತಾನಿನ ಮಾರಾಟ ದರವನ್ನೂ ಇಳಿಸಿತು. ಧಾರಣೆಯ ದಿಕ್ಕು ಯಾವ ಕಡೆಗೆ ಎಂದು ತಿಳಿಯಲು ರೈತನಿಗೆ ಅಷ್ಟು ಸಾಕಾಗಿತ್ತು.

ಆ ವರ್ಷ ಉದ್ದ ಎಳೆಯ ಹತ್ತಿಗೆ ಕೇಂದ್ರ ನಿಗದಿಪಡಿಸಿದ್ದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ 8,110 ರೂಪಾಯಿ, ಮಧ್ಯಮ ಎಳೆಗೆ 7,710 ರೂಪಾಯಿ. ಬೆಂಬಲ ಬೆಲೆ ಇದೆಯಲ್ಲ, ಇನ್ನೇನು ಚಿಂತೆ ಎಂದು ಪೇಟೆಯವರು ಕೇಳುವುದುಂಟು. ಆದರೆ ಆ ಬೆಲೆ ಸಿಗಬೇಕಾದರೆ ನಿಗಮದ ಖರೀದಿ ಕೇಂದ್ರ ಹತ್ತಿರದಲ್ಲಿ ತೆರೆದಿರಬೇಕು, ಮೊಬೈಲ್ ಆ್ಯಪ್‌ನಲ್ಲಿ ನೋಂದಣಿಯಾಗಿರಬೇಕು, ಹತ್ತಿಯ ತೇವಾಂಶ ಮಿತಿಯೊಳಗಿರಬೇಕು. ದಲಾಲಿ ಅಂಗಡಿಯಲ್ಲಿ ಮುಂಗಡ ತಂದವನಿಗೆ ಅಷ್ಟು ದಿನ ಕಾಯುವ ಚೈತನ್ಯವಿರುವುದಿಲ್ಲ.

ಹಳೆಯ ನಂಟು

ಅಮೆರಿಕದ ಅಧ್ಯಕ್ಷರೊಬ್ಬರ ನಿರ್ಧಾರ ಈ ಕರಿಮಣ್ಣಿಗೆ ತಟ್ಟಿದ್ದು ಇದು ಮೊದಲ ಸಲವಲ್ಲ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು ನ್ಯೂ ಆರ್ಲಿಯನ್ಸ್‌ನ ಹತ್ತಿ ಬೀಜವನ್ನು ಧಾರವಾಡ ಜಿಲ್ಲೆಯಲ್ಲಿ ಬಿತ್ತಿಸಿ ನೋಡಿದರು. ಅದು ಇಲ್ಲಿನ ನೆಲಕ್ಕೆ ಒಗ್ಗಿ ‘ಧಾರವಾಡ ಅಮೆರಿಕನ್’ ಎಂಬ ಹೆಸರಿನಲ್ಲಿ ಲ್ಯಾಂಕಾಶೈರ್‌ನ ಗಿರಣಿಗಳವರೆಗೆ ಹೋಯಿತು. ಇಂದಿನ ಹಾವೇರಿ ಜಿಲ್ಲೆ ಆಗ ಧಾರವಾಡದ ಭಾಗ. ಅದು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

1861ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ ಬಂಡೆದ್ದ ದಕ್ಷಿಣದ ರಾಜ್ಯಗಳ ಬಂದರುಗಳಿಗೆ ದಿಗ್ಬಂಧನ ಹಾಕಿದರು. ಅಮೆರಿಕದ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು. ಮುಂಬೈ ಪ್ರಾಂತ್ಯದ ಹತ್ತಿಗೆ ಕೇಳರಿಯದ ಬೆಲೆ ಬಂತು, ಧಾರವಾಡ ಸೀಮೆಯಲ್ಲಿ ಹಣ ಹರಿದಾಡಿತು. 1865ರಲ್ಲಿ ಅಂತರ್ಯುದ್ಧ ಮುಗಿಯಿತು. ಅದರೊಂದಿಗೆ ಧಾರಣೆಯೂ ಕುಸಿಯಿತು. ಏರಿದ ಬೆಲೆಯನ್ನು ನಂಬಿ ಸಾಲ ಮಾಡಿದವರು ಸಾಲದಲ್ಲೇ ಉಳಿದರು. ಗುಲಾಮಗಿರಿಯನ್ನು ಅಳಿಸಿದ ಯುದ್ಧ ಅದು. ಲಿಂಕನ್ನರಿಗೂ ಟ್ರಂಪ್‌ರಿಗೂ ಹೋಲಿಕೆ ಹುಡುಕುವುದು ಇಲ್ಲಿನ ಉದ್ದೇಶವಲ್ಲ. ದೂರದ ಅಧಿಕಾರದ ಏರಿಳಿತಕ್ಕೆ ಮೊದಲು ತುತ್ತಾಗುವವನು ದಾಸ್ತಾನು ಇಟ್ಟುಕೊಳ್ಳಲಾಗದ, ಸಾಲ ತೀರಿಸಲೇಬೇಕಾದ ಬೆಳೆಗಾರ ಎಂಬ ಪಾಠ ಮಾತ್ರ ನೂರಅರವತ್ತು ವರ್ಷಗಳಾದರೂ ಹಳೆಯದಾಗಿಲ್ಲ.

ಈ ನಡುವೆ ಈ ನೆಲ ತನ್ನದೇ ಸಾಧನೆಯನ್ನೂ ಮಾಡಿದೆ. 1972ರಲ್ಲಿ ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಬಿ.ಎಚ್. ಕಟರಕಿಯವರು ರೂಪಿಸಿದ ‘ವರಲಕ್ಷ್ಮಿ’ ಸಂಕರಣ ತಳಿ ಹತ್ತಿಯ ಚರಿತ್ರೆಯನ್ನೇ ಬದಲಿಸಿತು. ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ತಾಲ್ಲೂಕುಗಳು ಬೀಜೋತ್ಪಾದನೆಗೆ ಹೆಸರಾದವು. ವಿಜ್ಞಾನವನ್ನು ಸ್ವೀಕರಿಸಲು, ಪೇಟೆಯ ಪೈಪೋಟಿಯನ್ನು ಎದುರಿಸಲು ಇಲ್ಲಿನ ರೈತ ಹಿಂಜರಿದವನಲ್ಲ. ನಿಯಮ ಯಾವುದು, ಅದು ಎಷ್ಟು ದಿನ ಇರುತ್ತದೆ ಎಂಬುದು ಗೊತ್ತಿರಬೇಕು ಎಂಬುದಷ್ಟೇ ಅವನ ಬೇಡಿಕೆ.

ಶೈಲಿಯೇ ನೀತಿಯಾದಾಗ

ಟ್ರಂಪ್ ಆಡಳಿತದ ಬಗ್ಗೆ ಜಗತ್ತಿನ ಅಸಹನೆಗೆ ಮೂಲ ಇಲ್ಲಿದೆ. ಸುಂಕ ಹೆಚ್ಚಿಸುವುದು ಹೊಸದೇನಲ್ಲ. ಭಾರತವೂ ಹೆಚ್ಚಿನ ಸುಂಕದ ದೇಶವೇ. ಆದರೆ ಸುಂಕ ಏಕೆ ಏರಿತು, ಯಾವಾಗ ಇಳಿಯುತ್ತದೆ, ಯಾರ ಮಾತಿಗೆ ಇಳಿಯುತ್ತದೆ ಎಂಬುದು ಯಾರಿಗೂ ತಿಳಿಯದ ಸ್ಥಿತಿ ಹೊಸದು.

2025ರ ಏಪ್ರಿಲ್ 2ರಂದು ಶ್ವೇತಭವನದ ಅಂಗಳದಲ್ಲಿ ಅಧ್ಯಕ್ಷರು ಒಂದು ಫಲಕ ಹಿಡಿದು ದೇಶಗಳ ಹೆಸರು ಓದಿದರು. ಭಾರತದ ಮುಂದೆ ಶೇ 26 ಎಂದಿತ್ತು. ಏಪ್ರಿಲ್ 9ರಂದು ಆ ಪ್ರತಿಸುಂಕವನ್ನು ಬಹುತೇಕ ದೇಶಗಳಿಗೆ 90 ದಿನ ತಡೆಹಿಡಿಯಲಾಯಿತು. ಜುಲೈ ಕೊನೆಗೆ ಭಾರತಕ್ಕೆ ಶೇ 25 ಎಂದಾಯಿತು. ಭಾರತದ್ದು ಸತ್ತ ಅರ್ಥವ್ಯವಸ್ಥೆ ಎಂಬ ಮೂದಲಿಕೆಯೂ ಜೊತೆಗೆ ಬಂತು. ಆಗಸ್ಟ್‌ನಲ್ಲಿ ಶೇ 50 ಆಯಿತು. ಮೊದಲು ಹೇಳಿದ ಕಾರಣ ವ್ಯಾಪಾರದ ಕೊರತೆ, ಆಮೇಲಿನದು ರಷ್ಯಾದ ತೈಲ. ಬ್ರೆಜಿಲ್‌ಗೂ ಶೇ 50ರ ಸುಂಕ ಬಿತ್ತು. ಅಲ್ಲಿ ಮುಂದಿಟ್ಟ ಕಾರಣಗಳಲ್ಲಿ ಮಾಜಿ ಅಧ್ಯಕ್ಷ ಬೊಲ್ಸೊನಾರೊ ಮೇಲಿನ ವಿಚಾರಣೆಯೂ ಒಂದು. ಸುಂಕವೆಂಬುದು ಆರ್ಥಿಕ ನೀತಿಯಾಗಿ ಉಳಿಯದೆ ರಾಜಕೀಯದ ಛಡಿಯಾಯಿತು.

ಮಧ್ಯಮ ವರ್ಗದ ಮನೆಗಳಿಗೆ ಇದರ ಬಿಸಿ ತಟ್ಟಿದ್ದು 2025ರ ಸೆಪ್ಟೆಂಬರ್ 19ರ ರಾತ್ರಿ. ಎಚ್‌-1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕ ಎಂಬ ಘೋಷಣೆ ಹೊರಬಿತ್ತು. ಇದು ಪ್ರತಿವರ್ಷ ಕಟ್ಟಬೇಕಾದ ಹಣ ಎಂದು ವಾಣಿಜ್ಯ ಸಚಿವರು ಹೇಳಿದರು. ಮರುದಿನ, ಹೊಸ ಅರ್ಜಿಗಳಿಗೆ ಮಾತ್ರ, ಅದೂ ಒಂದೇ ಸಲ ಎಂದು ಶ್ವೇತಭವನ ಸ್ಪಷ್ಟಪಡಿಸಿತು. ಆ ನಡುವಿನ ಗಂಟೆಗಳಲ್ಲಿ ಕೆಲವು ಕಂಪನಿಗಳು ಹೊರದೇಶದಲ್ಲಿದ್ದ ನೌಕರರಿಗೆ ಕೂಡಲೇ ಹಿಂದಿರುಗುವಂತೆ ಸೂಚಿಸಿದವು. ವಿಮಾನ ಹತ್ತಿ ಕುಳಿತವರು ಇಳಿದು ಹೋದರು, ರಜೆಗೆಂದು ಊರಿಗೆ ಬಂದವರು ಗಂಟು ಕಟ್ಟಿದರು. ಈ ವೀಸಾ ಪಡೆಯುವವರಲ್ಲಿ ಹೆಚ್ಚುಕಡಿಮೆ ಶೇ 70ರಷ್ಟು ಮಂದಿ ಭಾರತೀಯರು. ಧಾರವಾಡ, ದಾವಣಗೆರೆ, ಹಾವೇರಿಯ ಎಷ್ಟು ಮನೆಗಳಲ್ಲಿ ತಂದೆತಾಯಿ ಆ ರಾತ್ರಿ ನಿದ್ದೆಗೆಟ್ಟರೋ! ಅದಕ್ಕೂ ಮೊದಲು, ಫೆಬ್ರುವರಿ 5ರಂದು, ಅಕ್ರಮವಾಗಿ ನೆಲೆಸಿದ್ದ 104 ಭಾರತೀಯರನ್ನು ಕೈಕೋಳ, ಕಾಲ್ಕೋಳ ಹಾಕಿ ಸೇನಾ ವಿಮಾನದಲ್ಲಿ ಅಮೃತಸರಕ್ಕೆ ತಂದಿಳಿಸಲಾಗಿತ್ತು. ಕಾನೂನು ಮೀರಿದವರನ್ನು ಹಿಂದಕ್ಕೆ ಕಳಿಸುವ ಹಕ್ಕು ಯಾವ ದೇಶಕ್ಕಾದರೂ ಇದೆ. ಕಳಿಸುವ ರೀತಿಯಲ್ಲಿ ಅವಮಾನವನ್ನೂ ಸೇರಿಸಿದಾಗ ಅದು ಆಡಳಿತವೆನಿಸುವುದಿಲ್ಲ, ಪ್ರದರ್ಶನವೆನಿಸುತ್ತದೆ.

ಅವರಲ್ಲೂ ಬೇಸರ

ಈ ಅಸಹನೆ ಹೊರಗಿನವರದು ಮಾತ್ರವಲ್ಲ. 2025ರ ಜೂನ್ 14ರಂದು ಮತ್ತು ಅಕ್ಟೋಬರ್ 18ರಂದು ಅಮೆರಿಕದ ಊರೂರುಗಳಲ್ಲಿ ‘ನೋ ಕಿಂಗ್ಸ್’, ಅಂದರೆ ನಮಗೆ ಅರಸರು ಬೇಡ, ಎಂಬ ಘೋಷಣೆಯಡಿ ಜನ ಬೀದಿಗಿಳಿದರು. ಅಕ್ಟೋಬರ್‌ನಲ್ಲಿ ಸುಮಾರು 70 ಲಕ್ಷ ಜನ ಸೇರಿದ್ದರೆಂದು ಸಂಘಟಕರು ಅಂದಾಜಿಸಿದರು. ಅದೇ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ 43 ದಿನ ಅಮೆರಿಕದ ಸರ್ಕಾರಿ ಕಚೇರಿಗಳು ಹಣ ಮಂಜೂರಾಗದೆ ಭಾಗಶಃ ಮುಚ್ಚಿದ್ದವು. ಆ ದೇಶದ ಚರಿತ್ರೆಯಲ್ಲಿ ಅದುವರೆಗೆ ಅಷ್ಟು ದೀರ್ಘಕಾಲ ಮುಚ್ಚಿದ್ದೇ ಇಲ್ಲ. ನವೆಂಬರ್ 4ರಂದು ವರ್ಜೀನಿಯಾ, ನ್ಯೂಜೆರ್ಸಿ ರಾಜ್ಯಗಳ ಗವರ್ನರ್ ಚುನಾವಣೆಗಳಲ್ಲೂ ನ್ಯೂಯಾರ್ಕ್ ನಗರದ ಮೇಯರ್ ಚುನಾವಣೆಯಲ್ಲೂ ಡೆಮಾಕ್ರಟಿಕ್ ಪಕ್ಷ ಗೆದ್ದಿತು. ಆ ತಿಂಗಳ ಗ್ಯಾಲಪ್ ಸಮೀಕ್ಷೆಯಲ್ಲಿ ಅಧ್ಯಕ್ಷರ ಕಾರ್ಯವೈಖರಿಯನ್ನು ಮೆಚ್ಚಿದವರು ಶೇ 36 ಮಾತ್ರ.

ನವೆಂಬರ್ 14ರಂದು ಅಧ್ಯಕ್ಷರೇ ಒಂದು ಹೆಜ್ಜೆ ಹಿಂದೆ ಸರಿದರು. ದನದ ಮಾಂಸ, ಕಾಫಿ, ಚಹಾ, ಬಾಳೆಹಣ್ಣು, ಟೊಮೆಟೊ, ಕೆಲವು ಸಾಂಬಾರ ಪದಾರ್ಥಗಳನ್ನು ಪ್ರತಿಸುಂಕದಿಂದ ಹೊರಗಿಟ್ಟರು. ಸುಂಕವನ್ನು ಪರದೇಶದವರು ಕಟ್ಟುತ್ತಾರೆ ಎಂದು ಹೇಳುತ್ತ ಬಂದವರು, ಬೆಳಗಿನ ಕಾಫಿ ತುಟ್ಟಿಯಾಗಿ ತಮ್ಮ ಮತದಾರರೇ ಗೊಣಗತೊಡಗಿದಾಗ ಅದನ್ನು ತೆಗೆಯಬೇಕಾಯಿತು. ಚಿಕ್ಕಮಗಳೂರು, ಕೊಡಗಿನ ಬೆಳೆಗಾರರು ಮಾಡಲಾಗದ ಒತ್ತಡವನ್ನು ಅಮೆರಿಕದ ಗೃಹಿಣಿಯರು ಮಾಡಿದರು. ಮತಕ್ಕಿರುವ ಬಲ ಇದು.

ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. 2024ರ ನವೆಂಬರ್‌ನಲ್ಲಿ ಟ್ರಂಪ್ ಅವರಿಗೆ ಬಿದ್ದ ಮತಗಳು 7.7 ಕೋಟಿಗೂ ಹೆಚ್ಚು. ಅವರೆಲ್ಲ ಮೋಸಹೋದವರು ಎನ್ನುವುದು ಸುಲಭ. ಅದು ಉದ್ಧಟತನವೂ ಹೌದು. ಕಾರ್ಖಾನೆ ಮುಚ್ಚಿ ಊರು ಬರಿದಾಗಿದ್ದನ್ನು, ದಿನಸಿಯ ಬೆಲೆ ಏರಿದ್ದನ್ನು, ತಮ್ಮನ್ನು ಕೇಳುವವರಿಲ್ಲವೆಂಬುದನ್ನು ಕಂಡವರೇ ಅವರು. ಅವರ ಸಂಕಟ ನಿಜವಾದದ್ದು. ಅದಕ್ಕೆ ಕೊಟ್ಟ ಮದ್ದು ಮಾತ್ರ ಬೇರೆ. ಟ್ರಂಪ್ ಅವರಿಗೆ ಒಲಿದಿದ್ದ ಮಧ್ಯಪಶ್ಚಿಮದ ಸೋಯಾ ರೈತರೇ 2025ರಲ್ಲಿ ಚೀನಾ ಖರೀದಿ ನಿಲ್ಲಿಸಿದಾಗ ಕಣಜ ತುಂಬಿಟ್ಟುಕೊಂಡು ಕುಳಿತರು. ಅವರಿಗೆ ಡಿಸೆಂಬರ್‌ನಲ್ಲಿ 1,200 ಕೋಟಿ ಡಾಲರ್ ನೆರವು ಘೋಷಣೆಯಾಯಿತು. ಅಗಡಿಯ ರೈತ ಮತ್ತು ಅಯೋವಾದ ರೈತ ಒಂದೇ ಬಿರುಗಾಳಿಗೆ ಸಿಕ್ಕವರು. ಒಬ್ಬನಿಗೆ ಖಜಾನೆಯ ಕೊಡೆ ಇದೆ, ಇನ್ನೊಬ್ಬನಿಗೆ ಇಲ್ಲ.

ಗೋವಿನಜೋಳದ ಪ್ರಶ್ನೆ

ಹಾವೇರಿ ಸೀಮೆಯಲ್ಲಿ ಈಚಿನ ದಶಕಗಳಲ್ಲಿ ಹತ್ತಿಯ ಜಾಗವನ್ನು ಬಹುಮಟ್ಟಿಗೆ ಆಕ್ರಮಿಸಿದ್ದು ಗೋವಿನಜೋಳ. ಅಲ್ಲಿಗೂ ಇದೇ ಕಥೆ ಬಂದು ಮುಟ್ಟಿತು. ನೂರನಲವತ್ತು ಕೋಟಿ ಜನರಿದ್ದೂ ಭಾರತ ಅಮೆರಿಕದ ಒಂದು ಬುಶೆಲ್ ಗೋವಿನಜೋಳವನ್ನೂ ಕೊಳ್ಳುವುದಿಲ್ಲವೇಕೆ ಎಂಬರ್ಥದ ಪ್ರಶ್ನೆಯನ್ನು 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವಾಣಿಜ್ಯ ಸಚಿವ ಹೊವಾರ್ಡ್ ಲಟ್ನಿಕ್ ಎತ್ತಿದರು. ಒಂದು ಬುಶೆಲ್ ಎಂದರೆ ಸುಮಾರು 25 ಕಿಲೊ.

ಉತ್ತರವನ್ನು ಎರಡೇ ತಿಂಗಳಲ್ಲಿ ಹಾವೇರಿ, ಗದಗ ಜಿಲ್ಲೆಗಳ ಪೇಟೆಗಳು ಕೊಟ್ಟವು. ಕೇಂದ್ರ ಘೋಷಿಸಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಸುಗ್ಗಿಯ ಹೊತ್ತಿಗೆ ಪೇಟೆಯ ಧಾರಣೆ 1,600ರಿಂದ 1,800 ರೂಪಾಯಿಯ ಆಸುಪಾಸಿಗೆ ಇಳಿದಿತ್ತು. ರೈತರು ರಸ್ತೆಗಿಳಿದರು, ಮುಖ್ಯಮಂತ್ರಿ ಪ್ರಧಾನಿಗೆ ಪತ್ರ ಬರೆದರು. ಈ ಕುಸಿತಕ್ಕೆ ಟ್ರಂಪ್ ಕಾರಣ ಎಂದರೆ ತಪ್ಪಾಗುತ್ತದೆ. ಬೆಳೆ ಹುಲುಸಾಗಿತ್ತು, ಖರೀದಿ ಕೇಂದ್ರಗಳು ತಡವಾಗಿದ್ದವು, ಎಥೆನಾಲ್ ಕಾರ್ಖಾನೆಗಳ ಖರೀದಿ ರೈತರ ನಿರೀಕ್ಷೆಗೆ ತಕ್ಕಂತೆ ಇರಲಿಲ್ಲ. ಕೇಂದ್ರ ರಾಜ್ಯದ ಕಡೆಗೂ ರಾಜ್ಯ ಕೇಂದ್ರದ ಕಡೆಗೂ ಬೆರಳು ತೋರಿಸಿದವು. ಆದರೆ ತನ್ನದೇ ಫಸಲಿಗೆ ತನ್ನದೇ ಸರ್ಕಾರದ ಬೆಲೆ ಸಿಗದ ರೈತನ ಮುಂದೆ, ಜಗತ್ತಿನ ಅತಿ ದೊಡ್ಡ ಗೋವಿನಜೋಳದ ದೇಶ ಬಂದು ನಮ್ಮದನ್ನೂ ಕೊಳ್ಳಿ ಎಂದರೆ ಅವನು ಏನೆನ್ನಬೇಕು?

2026ರ ಫೆಬ್ರುವರಿಯಲ್ಲಿ ಭಾರತದ ಮೇಲಿನ ಸುಂಕವನ್ನು ಶೇ 18ಕ್ಕೆ ಇಳಿಸುವ ಒಪ್ಪಂದದ ಘೋಷಣೆ ಬಂತು. ಮೊದಲ ಸುದ್ದಿ ತಿಳಿದದ್ದು ಅಧ್ಯಕ್ಷರ ಸಾಮಾಜಿಕ ಜಾಲತಾಣದ ಬರಹದಿಂದ. ಕೆಲವು ದಿನಗಳ ಮೇಲೆ ಹೊರಬಿದ್ದ ಜಂಟಿ ಹೇಳಿಕೆಯಲ್ಲಿ ಭಾರತ ಸುಂಕ ಇಳಿಸಲಿರುವ ಸರಕುಗಳ ಪಟ್ಟಿಯಿತ್ತು: ಸೋಯಾ ಎಣ್ಣೆ, ಹಣ್ಣುಗಳು, ಪಶು ಆಹಾರಕ್ಕೆ ಬಳಸುವ ಕೆಂಪು ಜೋಳ, ಮತ್ತು ಧಾನ್ಯದಿಂದ ಎಥೆನಾಲ್ ತೆಗೆದ ಮೇಲೆ ಉಳಿಯುವ ಒಣ ಹಿಂಡಿ. ಗೋವಿನಜೋಳದ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಆದರೆ ಹಾವೇರಿಯ ಗೋವಿನಜೋಳದ ಬಹುಪಾಲು ಹೋಗುವುದು ಕೋಳಿ ಮತ್ತು ದನಗಳ ಆಹಾರಕ್ಕೆ. ಅದೇ ಕೆಲಸಕ್ಕೆ ಬರುವ ಅಮೆರಿಕದ ಹಿಂಡಿ ಅಗ್ಗವಾಗಿ ಬಂದಿಳಿದರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಂತಾಗುವ ಆತಂಕವಿದೆ. ರೈತರ ಹಿತದ ವಿಷಯದಲ್ಲಿ ರಾಜಿ ಇಲ್ಲ, ಅದಕ್ಕೆ ಬೆಲೆ ತೆರಬೇಕಾಗಿ ಬಂದರೂ ಸಿದ್ಧ ಎಂದು ಪ್ರಧಾನಿ 2025ರ ಆಗಸ್ಟ್ 7ರಂದು ಎಂ.ಎಸ್. ಸ್ವಾಮಿನಾಥನ್ ಜನ್ಮಶತಮಾನೋತ್ಸವದ ಸಮ್ಮೇಳನದಲ್ಲಿ ಸಾರಿದ್ದರು. ಆ ಮಾತಿನ ತೂಕವನ್ನು ಅಳೆಯುವ ತಕ್ಕಡಿ ದೆಹಲಿಯ ವೇದಿಕೆಯಲ್ಲಿಲ್ಲ, ಹಾವೇರಿಯ ಮಾರುಕಟ್ಟೆ ಪ್ರಾಂಗಣದಲ್ಲಿದೆ.

ಸಹಿಯ ಆಳ್ವಿಕೆ

ಅದೇ ಫೆಬ್ರುವರಿ 20ರಂದು ಅಮೆರಿಕದ ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ಒಂದು ಮಹತ್ವದ ತೀರ್ಪು ಕೊಟ್ಟಿತು. 1977ರ ತುರ್ತು ಆರ್ಥಿಕ ಅಧಿಕಾರಗಳ ಕಾಯ್ದೆ ಅಧ್ಯಕ್ಷರಿಗೆ ಸುಂಕ ಹೇರುವ ಅಧಿಕಾರ ಕೊಡುವುದಿಲ್ಲ ಎಂಬುದು ಅದರ ಸಾರ. ಟ್ರಂಪ್ ಅವರೇ ನೇಮಿಸಿದ್ದ ಇಬ್ಬರು ನ್ಯಾಯಮೂರ್ತಿಗಳೂ ಬಹುಮತದಲ್ಲಿದ್ದರು. ತೆರಿಗೆ ಹಾಕುವ ಅಧಿಕಾರ ಜನಪ್ರತಿನಿಧಿಗಳ ಸಭೆಗೆ ಸೇರಿದ್ದು, ಒಬ್ಬ ವ್ಯಕ್ತಿಯ ಲೇಖನಿಗಲ್ಲ ಎಂಬ ಹಳೆಯ ತತ್ತ್ವವನ್ನೇ ನ್ಯಾಯಾಲಯ ಎತ್ತಿಹಿಡಿಯಿತು. ಅಧ್ಯಕ್ಷರು ಸುಮ್ಮನಿರಲಿಲ್ಲ, ಅದೇ ದಿನ ಬೇರೊಂದು ಕಾಯ್ದೆಯ ಆಧಾರದ ಮೇಲೆ ಎಲ್ಲ ದೇಶಗಳಿಗೂ ಅನ್ವಯಿಸುವ ತಾತ್ಕಾಲಿಕ ಸುಂಕವನ್ನು ಘೋಷಿಸಿದರು. ಆದರೂ ತತ್ತ್ವ ನಿಂತಿತು.

ಈ ತತ್ತ್ವವನ್ನು ನಾವು ಅಮೆರಿಕದಿಂದ ಕಲಿಯಬೇಕಾದದ್ದಿಲ್ಲ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿಯವರ ಜೊತೆ ದಂಡಿಗೆ ನಡೆದರು. ಆಗ ಅವರಿಗಿನ್ನೂ ಇಪ್ಪತ್ತು ವರ್ಷ ತುಂಬಿರಲಿಲ್ಲ. ಅವರು ನಡೆದದ್ದು ಉಪ್ಪಿನ ಮೇಲಿನ ತೆರಿಗೆಯ ವಿರುದ್ಧ. ತೆರುವವನನ್ನು ಕೇಳದೆ ದೂರದ ಆಳರಸರು ಹಾಕಿದ ತೆರಿಗೆ ಅದು. 1943ರ ಏಪ್ರಿಲ್ 1ರಂದು ಅವರು ಹಾವೇರಿ ತಾಲ್ಲೂಕಿನ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಕೇಳದೆ ಹಾಕಿದ ಸುಂಕ ಅನ್ಯಾಯದ್ದು ಎಂಬ ತಿಳಿವಳಿಕೆ ಈ ನೆಲದ ನೆನಪಿನಲ್ಲೇ ಇದೆ.

ಹಾಗಾದರೆ ನಮ್ಮ ಸಿಟ್ಟೆಲ್ಲ ವಾಷಿಂಗ್ಟನ್ನಿನ ಕಡೆಗೇ ಹರಿಯಬೇಕೆ? ಇಲ್ಲಿ ನಾವು ತುಸು ನಿಂತು ನಮ್ಮನ್ನೇ ನೋಡಿಕೊಳ್ಳಬೇಕು. ಹತ್ತಿಯ ಆಮದು ಸುಂಕವನ್ನು ಸುಗ್ಗಿಯ ಹೊಸ್ತಿಲಲ್ಲಿ ತೆಗೆದದ್ದು ಒಂದು ಅಧಿಸೂಚನೆಯ ಮೂಲಕ. ಕಸ್ಟಮ್ಸ್ ಕಾಯ್ದೆ ಅದಕ್ಕೆ ಅವಕಾಶ ಕೊಡುತ್ತದೆ, ಆದ್ದರಿಂದ ಕಾನೂನಿನ ತಪ್ಪೇನೂ ಇಲ್ಲ. ಬೆಳೆಗಾರನ ದೃಷ್ಟಿಯಿಂದ ನೋಡಿದರೆ ಅದೂ ಒಂದು ಸಹಿಯೇ. ಕೃಷಿ ಸಂವಿಧಾನದಲ್ಲಿ ರಾಜ್ಯಪಟ್ಟಿಯ ವಿಷಯ, ವಿದೇಶಿ ವ್ಯಾಪಾರ ಕೇಂದ್ರಪಟ್ಟಿಯ ವಿಷಯ. ಈ ಎರಡರ ನಡುವಿನ ಸಂದಿಯಲ್ಲಿ ರೈತ ಸಿಕ್ಕಿಕೊಂಡಿದ್ದಾನೆ. ವ್ಯಾಪಾರ ಒಪ್ಪಂದಕ್ಕೆ ಸಂಸತ್ತಿನ ಒಪ್ಪಿಗೆ ಪಡೆಯುವ ಕಟ್ಟುಪಾಡು ನಮ್ಮಲ್ಲಿಲ್ಲ. ಮೂರು ಕೃಷಿ ಕಾಯ್ದೆಗಳು 2020ರ ಜೂನ್‌ನಲ್ಲಿ ಮೊದಲು ಬಂದದ್ದು ಸುಗ್ರೀವಾಜ್ಞೆಯಾಗಿ. ಒಂದು ವರ್ಷದ ಹೋರಾಟದ ನಂತರ 2021ರ ನವೆಂಬರ್‌ನಲ್ಲಿ ಅವು ರದ್ದಾದವು. 2016ರ ನವೆಂಬರ್ 8ರ ರಾತ್ರಿ ದೊಡ್ಡ ನೋಟುಗಳು ಚಲಾವಣೆ ಕಳೆದುಕೊಂಡದ್ದನ್ನು ಯಾರೂ ಮರೆತಿಲ್ಲ. ನೀತಿ ಸರಿಯೇ ತಪ್ಪೇ ಎಂಬ ವಾದ ಬೇರೆ. ಕೇಳದೆ, ಹೇಳದೆ, ಇದ್ದಕ್ಕಿದ್ದಂತೆ ಮಾಡುವುದೇ ದಿಟ್ಟತನ ಎಂದು ಮೆಚ್ಚಿ ಚಪ್ಪಾಳೆ ತಟ್ಟಿದವರಲ್ಲಿ ವಿದ್ಯಾವಂತರಾದ ನಾವೂ ಇದ್ದೇವೆ. ನಮ್ಮವರು ಮಾಡಿದರೆ ದಿಟ್ಟತನ, ಅವರು ಮಾಡಿದರೆ ದರ್ಪ ಎನ್ನುವುದು ನ್ಯಾಯವಲ್ಲ.

ಕೇಳುವವರಿಲ್ಲದ ಸಿಟ್ಟು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಈ ಜಿಲ್ಲೆ ಕಂಡಿದೆ. 2008ರ ಜೂನ್ 10ರಂದು ಗೊಬ್ಬರಕ್ಕಾಗಿ ಹಾವೇರಿಯ ಬೀದಿಯಲ್ಲಿ ನಿಂತ ರೈತರ ಮೇಲೆ ಗೋಲಿಬಾರ್ ಆಯಿತು, ಇಬ್ಬರು ಜೀವ ತೆತ್ತರು. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಧಾರಣೆ ಕುಸಿದಾಗ ರೈತರ ಗುಂಪು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿತು, ವಾಹನಗಳಿಗೆ ಬೆಂಕಿ ಹಚ್ಚಿತು. ಅಂದು ಸುಟ್ಟದ್ದು ರೈತರದೇ ಪೇಟೆ, ಅವರ ತೆರಿಗೆಯ ಹಣದಿಂದಲೇ ಕೊಂಡ ವಾಹನ. ಎರಡೂ ದಿನ ಸಿಟ್ಟಿಗೆ ಒಂದು ವಿಳಾಸವಾದರೂ ಸಿಕ್ಕಿತ್ತು. ಧಾರಣೆಯನ್ನು ನಿರ್ಧರಿಸುವ ಕೈ ಸಪ್ತಸಾಗರದಾಚೆ ಇರುವಾಗ ಆ ವಿಳಾಸವೂ ಇಲ್ಲ. ಆಗ ಸಿಟ್ಟು ಹತ್ತಿರದ ಗುಮಾಸ್ತನ ಮೇಲೋ ದಲಾಲನ ಮೇಲೋ ತನ್ನ ಮೇಲೆಯೇ ಆಗಲಿ ತಿರುಗುತ್ತದೆ. ಕೊನೆಯದು ಎಲ್ಲಕ್ಕಿಂತ ಭಯಂಕರ.

ಆದ್ದರಿಂದ ಬೇಡಿಕೆಗಳನ್ನು ಕೈಗೆಟಕುವ ಸರ್ಕಾರಗಳ ಮುಂದೆಯೇ ಇಡಬೇಕು. ಮೊದಲನೆಯದು, ಹತ್ತಿ, ಎಣ್ಣೆಕಾಳು, ಬೇಳೆಕಾಳುಗಳ ಆಮದು ಸುಂಕ ಆ ವರ್ಷಕ್ಕೆ ಎಷ್ಟು ಎಂಬುದನ್ನು ಮೇ ತಿಂಗಳೊಳಗೆ, ಅಂದರೆ ಬಿತ್ತನೆಗೆ ಮೊದಲೇ ಘೋಷಿಸಬೇಕು. ಸುಗ್ಗಿ ಮುಗಿಯುವವರೆಗೆ ಅದನ್ನು ಬದಲಿಸಬಾರದು. ಬದಲಿಸಲೇಬೇಕಾದ ಸಂದರ್ಭ ಬಂದರೆ ಬೆಳೆಗಾರನ ನಷ್ಟವನ್ನು ಸರ್ಕಾರವೇ ಭರಿಸಬೇಕು. ಎರಡನೆಯದು, ಕೃಷಿಗೆ ಸಂಬಂಧಿಸಿದ ಯಾವುದೇ ವ್ಯಾಪಾರ ಒಪ್ಪಂದ ಸಹಿಯಾಗುವ ಮುನ್ನ ಸಂಸತ್ತಿನಲ್ಲಿ ಚರ್ಚೆಯಾಗಬೇಕು, ರಾಜ್ಯಗಳ ಅಭಿಪ್ರಾಯ ದಾಖಲಾಗಬೇಕು. ಮೂರನೆಯದು ರಾಜ್ಯ ಸರ್ಕಾರಕ್ಕೆ: ಖರೀದಿ ಕೇಂದ್ರ ತೆರೆಯಲು ಚಳವಳಿಯಾಗುವವರೆಗೆ ಕಾಯಬಾರದು. ಬೆಂಬಲ ಬೆಲೆಗಿಂತ ಧಾರಣೆ ಕೆಳಗಿಳಿದ ವಾರದಲ್ಲೇ ಬಾಗಿಲು ತೆರೆಯುವ ಏರ್ಪಾಡು ಇರಬೇಕು. ಇವು ಕ್ರಾಂತಿಕಾರಿ ಬೇಡಿಕೆಗಳೇನಲ್ಲ. ಟ್ರಂಪ್ ಅವರ ಬಗ್ಗೆ ನಾವು ಹೇಳುವ ದೂರನ್ನು ನಮ್ಮ ಮನೆಗೂ ಅನ್ವಯಿಸಿಕೊಂಡರೆ ತಾನಾಗಿಯೇ ಹೊಳೆಯುವ ಸಂಗತಿಗಳು.

ಅಗಡಿ ಸಾಮಾನ್ಯ ಊರೇನಲ್ಲ. ಶೇಷಾಚಲ ಸಾಧುಗಳ ಆನಂದವನದಿಂದ 1907ರಲ್ಲಿ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ಹೊರಟಿತು. ಕನ್ನಡ ಕಾದಂಬರಿಗೆ ಓದುಗರನ್ನು ಸೃಷ್ಟಿಸಿದ ಗಳಗನಾಥರ ಬರವಣಿಗೆ ಅದರ ಮೂಲಕ ಮನೆಮನೆಗೆ ಹೋಯಿತು. ರೈಲು ಮತ್ತು ಅಂಚೆಯ ಕಾಲದಲ್ಲಿ ಈ ಹಳ್ಳಿ ತನ್ನ ಮಾತನ್ನು ನಾಡಿಗೆ ಮುಟ್ಟಿಸಿತ್ತು. ಇಂದು ಜಗತ್ತಿನ ಸುದ್ದಿ ಕ್ಷಣದಲ್ಲಿ ಅಗಡಿಗೆ ಬಂದು ಮುಟ್ಟುತ್ತದೆ. ಅಧ್ಯಕ್ಷರ ಸಹಿಯ ಚಿತ್ರವೂ, ಸುಂಕದ ಅಂಕಿಯೂ, ಹತ್ತಿಯ ಧಾರಣೆಯೂ ಒಂದೇ ಮೊಬೈಲಿನಲ್ಲಿ ಕಾಣುತ್ತವೆ. ಆದರೆ ಅಗಡಿಯ ಮಾತು ಹೊರಗೆ ಹೋಗುವ ದಾರಿ ಮಾತ್ರ ನೂರು ವರ್ಷದ ಹಿಂದಿಗಿಂತ ಕಿರಿದಾಗಿದೆ.

ಅಮೆರಿಕದ ಮತದಾರರು ತಮ್ಮ ಅಧ್ಯಕ್ಷರಿಗೆ ಏನು ಹೇಳಬೇಕೋ ಅದನ್ನು ಅವರೇ ಹೇಳಿಕೊಳ್ಳುತ್ತಾರೆ. ಬೀದಿ, ನ್ಯಾಯಾಲಯ, ಮತಪೆಟ್ಟಿಗೆ ಅವರಿಗಿವೆ. ನಮ್ಮ ಕೈಯಲ್ಲಿರುವುದು ನಮ್ಮ ಸಂಸತ್ತು, ನಮ್ಮ ವಿಧಾನಸೌಧ, ನಮ್ಮ ಗ್ರಾಮಸಭೆ. ಮುಂದಿನ ಮುಂಗಾರಿಗೆ ಅಗಡಿಯ ರೈತ ಮತ್ತೆ ಬೀಜದ ಚೀಲ ಬಿಚ್ಚುತ್ತಾನೆ. ಅಷ್ಟರೊಳಗೆ ಅವನಿಗೆ ಗೊತ್ತಾಗಬೇಕಾದದ್ದು ವಾಷಿಂಗ್ಟನ್ನಿನ ಮನಸ್ಸಲ್ಲ. ಮಳೆಯೊಂದನ್ನು ಬಿಟ್ಟರೆ ಉಳಿದ ನಿಯಮಗಳು ಸುಗ್ಗಿಯವರೆಗೆ ಬದಲಾಗುವುದಿಲ್ಲ ಎಂದು ತನ್ನ ಸರ್ಕಾರ ಕೊಡುವ ಭರವಸೆ.